ಮುಟ್ಟಿದರೆ ಬಾರಿಸುವ ಹಲಗಿ

ನನ್ನ ಅಪ್ಪನನ್ನು ನಮ್ಮೂರಿನಲ್ಲಿ ಯಾರೂ ಮುಟ್ಟುವುದಿಲ್ಲ. ಸಿಂದಗಿಯ ವಸ್ತುಸಂಗ್ರಹಾಲಯದಲ್ಲಿ ಎಲ್ಲರೂ ಮುಟ್ಟುತ್ತಾರೆ. ಗೌಡರ ಮಕ್ಕಳು, ಸಾವಕಾರರ ಮಕ್ಕಳು, ಮಾಸ್ತರರ ಮಕ್ಕಳು ಸಾಲುಗಟ್ಟಿ ನಿಂತು ಮುಟ್ಟುತ್ತಾರೆ. ಅಲ್ಲಿ ಅವನು ಕಂಪ್ಯೂಟರಿನ ಗಾಜಿನೊಳಗೆ ಹಲಗಿ ಹಿಡಿದು ನಿಂತಿದ್ದಾನೆ. ಬೆರಳಿಟ್ಟರೆ ಕೈ ಎತ್ತಿ ಬಾರಿಸುತ್ತಾನೆ. ಬಾರಿಸಿ ಮುಗಿಸಿ ತಲೆ ಬಾಗಿಸುತ್ತಾನೆ. ಇನ್ನೊಮ್ಮೆ ಕೇಳಬೇಕಾದರೆ ಮತ್ತೆ ಮುಟ್ಟಿ ಎಂದು ಯಾವುದೋ ಹೆಣ್ಣುಮಗಳ ದನಿ ಹೇಳುತ್ತದೆ. ಮಕ್ಕಳು ಮತ್ತೆ ಮುಟ್ಟುತ್ತಾರೆ. ಆ ಗಾಜಿನ ಮೇಲಿನ ಬೆರಳ ಗುರುತು ಒರೆಸುವುದು ನನ್ನ ಕೆಲಸವಾಗಿತ್ತು.

ನಾನು ಸುನೀತಾ. ಪಿಯುಸಿ ಮುಗಿಸಿ ಸಿಂದಗಿಯಲ್ಲೇ ಕಂಪ್ಯೂಟರ್ ಕಲಿತವಳು. ಎರಡು ಸಾವಿರದ ಆರನೇ ಇಸವಿಯಲ್ಲಿ ಆ ವಸ್ತುಸಂಗ್ರಹಾಲಯದಲ್ಲಿ ಕೆಲಸ ಸಿಕ್ಕಿತು. ಒಂದು ಟ್ರಸ್ಟಿನವರು ಹಳೇ ಹತ್ತಿ ಗೋದಾಮಿನಲ್ಲಿ ಕೂರಿಗಿ, ಕುಂಟಿ, ಬೀಸುಕಲ್ಲು, ಕಡಗೋಲು ಎಲ್ಲ ಜೋಡಿಸಿ ಬಾಗಿಲು ತೆರೆದಿದ್ದರು. ನೊಣವೂ ಬಂದಿರಲಿಲ್ಲ. ಮನೆಯ ಹಿತ್ತಲಲ್ಲೇ ಬಿದ್ದಿರುವ ಕೂರಿಗಿ ನೋಡಲು ಯಾವ ಹುಡುಗ ಬಂದಾನು? ಆಗ ಧಾರವಾಡದಲ್ಲಿ ಓದಿದ ಸಂಜೀವಕುಮಾರರನ್ನು ಕರೆತಂದರು. ಈಗಿನ ಹುಡುಗರಿಗೆ ಬರೀ ನೋಡುವುದು ಸಾಲದು, ಏನಾದರೂ ಒತ್ತಬೇಕು, ಸದ್ದು ಆಗಬೇಕು, ಚಿತ್ರ ಕುಣಿಯಬೇಕು ಎಂದು ಅವರು ಹೇಳಿದರು. ಮುಟ್ಟಿದರೆ ಓಡುವ ಕಂಪ್ಯೂಟರ್ ಬಂತು. ಒಂದು ವ್ಯಾನೂ ಬಂತು. ಅದರೊಳಗೆ ಇನ್ನೊಂದು ಕಂಪ್ಯೂಟರ್ ಇಟ್ಟುಕೊಂಡು ಇಂಡಿ, ಬಸವನ ಬಾಗೇವಾಡಿ, ಮುದ್ದೇಬಿಹಾಳದ ಸಾಲೆಗಳಿಗೆ ಹೋಗುವುದು. ಸಂಜೀವಕುಮಾರರು ಕೆಟ್ಟವರಲ್ಲ. ನನ್ನ ಜೊತೆ ಕೂತು ಚಹ ಕುಡಿಯುತ್ತಿದ್ದರು. ಅದಕ್ಕೇ ಅವರ ಮೇಲೆ ನನಗೆ ಈಗಲೂ ಹೆಚ್ಚು ಸಿಟ್ಟು.

ಕಂಪ್ಯೂಟರಿಗೆ ಹಲಗಿ ಬೇಕಾಯಿತು. ಅವರು ಮೋಟರ್‌ಸೈಕಲ್ ಹತ್ತಿ ನಮ್ಮ ಕೇರಿಗೆ ಬಂದರು.

ನಮ್ಮೂರ ಹೆಸರು ಹೇಳುವುದಿಲ್ಲ. ಸಿಂದಗಿಯಿಂದ ಆಲಮೇಲದ ಬಸ್ಸಿಗೆ ಬಂದರೆ ದಾರಿಯಲ್ಲಿ ಇಂಥ ಊರು ಬೇಕಾದಷ್ಟಿವೆ. ಊರಿನ ಪದ್ಧತಿ ಹೀಗಿತ್ತು. ದೊಡ್ಡವರ ಮನೆಯಲ್ಲಿ ಸಾವಾದರೆ ನಮ್ಮ ಕೇರಿಯವರು ಹಲಗಿ ಬಾರಿಸಬೇಕು. ಯಾರು ಬಾರಿಸಿದರೋ ಅವರೇ ಹೆಣ ಹೂಳುವ ಕುಣಿಯನ್ನೂ ತೋಡಬೇಕು. ಹಲಗಿಗೆ ಒಬ್ಬ, ಕುಣಿಗೆ ಒಬ್ಬ ಎಂಬುದಿಲ್ಲ. ಹಲಗಿಗೆ ಏಟು ಬಿದ್ದಿತೆಂದರೆ ಕುಣಿ ಒಪ್ಪಿಕೊಂಡಂತೆ. ಅದಕ್ಕೆ ಒಂದು ಮೊರ ಜೋಳ, ಒಂದು ತುಂಡು ಬಟ್ಟೆ. ಕೈಗೆ ಕೊಡುವುದಿಲ್ಲ. ಹೊಸ್ತಿಲ ಮುಂದೆ ಇಟ್ಟು ಹೋಗುತ್ತಾರೆ. ಒಳಗೆ ತೆಗೆದುಕೊಂಡರೆ ಮುಗಿಯಿತು, ಆ ಮನೆಯ ಗಂಡಸು ಸಲಿಕೆ ಹಿಡಿದು ಹೊರಡಬೇಕು.

ನನ್ನ ಕಾಕಾ ಯಮನಪ್ಪ ಜ್ವರದಲ್ಲಿ ಹಾಗೆ ಹೊರಟಿದ್ದ. ಬೇಸಿಗೆ. ಎರೆಮಣ್ಣು ಒಣಗಿದರೆ ಕಲ್ಲು. ಸಲಿಕೆ ಹೊಡೆದರೆ ಸಲಿಕೆಯೇ ತಿರುಗಿ ಬರುತ್ತದೆ. ಎದೆಯುದ್ದ ತೋಡಿದಾಗ ಕಾಕಾ ಕುಣಿಯೊಳಗೇ ಕುಸಿದು ಬಿದ್ದ. ಮೇಲೆ ಗೌಡರ ಮಂದಿ ನಿಂತಿದ್ದರು. ಎತ್ತಬೇಕಾದರೆ ಕೈ ಹಿಡಿಯಬೇಕು. ಯಾರೂ ಹಿಡಿಯಲಿಲ್ಲ. ಕೇರಿಗೆ ಆಳು ಕಳಿಸಿದರು. ಅಪ್ಪ ಓಡಿ ಹೋಗಿ ಇಳಿದು ನೋಡಿದರೆ ತಮ್ಮನ ಉಸಿರು ನಿಂತಿತ್ತು. ಹೊತ್ತು ಮುಳುಗುವ ಮೊದಲು ಮಣ್ಣಾಗಬೇಕು, ಮೊದಲು ಕುಣಿ ಮುಗಿಸು, ಆಮೇಲೆ ನಿನ್ನ ತಮ್ಮನನ್ನು ಒಯ್ಯಿ ಎಂದರು. ಅಪ್ಪ ತಮ್ಮನ ಹೆಣವನ್ನು ಬದುವಿನ ಮೇಲೆ ಮಲಗಿಸಿ ಗೌಡರ ಮನೆಯ ಹೆಣಕ್ಕೆ ಕುಣಿ ಮುಗಿಸಿದ.

ಆ ವಾರ ಕೇರಿಯೆಲ್ಲ ಕೂತು ಮಾತಾಡಿತು. ಇನ್ನು ಹಲಗಿ ಇಲ್ಲ, ಕುಣಿ ಇಲ್ಲ. ಅಪ್ಪ ಹಲಗಿಯನ್ನು ಗೂಟಕ್ಕೆ ಹಾಕಿದ. ಊರವರು ಗಿರಣಿಯಲ್ಲಿ ನಮ್ಮ ಜೋಳ ಬೀಸುವುದು ನಿಲ್ಲಿಸಿದರು. ಹೊಲದ ಕೂಲಿ ನಿಂತಿತು. ಅವ್ವ ಚನ್ನವ್ವ ಆಲಮೇಲದ ಕಡೆ ಕಬ್ಬು ಕಡಿಯಲು ಹೋದಳು. ಕಬ್ಬಿನ ರವದಿ ಗರಿ ಕೊಯ್ದು ಕೊಯ್ದು ಅವಳ ಮುಂಗೈ ಗೆರೆಗೆರೆಯಾಗಿದೆ. ಬೀಸಿಸಲು ಜೋಳದ ಗಂಟು ಹೊತ್ತು ಪಕ್ಕದೂರಿಗೆ ನಡೆದೆವು. ಉಪವಾಸ ಬಿದ್ದೆವು. ಆದರೆ ಹಲಗಿ ಗೂಟದಿಂದ ಇಳಿಯಲಿಲ್ಲ.

ಇಷ್ಟು ನಡೆದ ಮನೆಗೆ ಸಂಜೀವಕುಮಾರರು ಕ್ಯಾಮರಾ ತಂದರು. ಅಪ್ಪ ಒಪ್ಪುವುದಿಲ್ಲ ಎಂದುಕೊಂಡಿದ್ದೆ. ಅವನು ಸುಮ್ಮನೆ ಕೇಳಿಸಿಕೊಂಡ. ಆ ಗೋದಾಮಿನಲ್ಲಿ ಏನೇನು ಇಟ್ಟಿದ್ದೀರಿ ಎಂದು ಕೇಳಿದ. ಬಳಕೆ ನಿಂತುಹೋದ ಸಾಮಾನು ಇಟ್ಟಿದ್ದೇವೆ ಎಂದು ಅವರು ಹೇಳಿದರು. ಅಪ್ಪ ಎದ್ದು ಹಲಗಿ ಇಳಿಸಿ ಧೂಳು ಕೊಡವಿದ.

"ಹಂಗಾದ್ರ ನಮ್ಮ ಚಾಕರೀನೂ ಅಲ್ಲೇ ಇಡ್ರಿ. ಆದ್ರ ಇದು ಸತ್ತೈತಿ ಅಂತ ಹೇಳಿ ಇಡ್ರಿ. ನನ್ನ ಮಾತು ಇರಬೇಕು."

ಅವರು ಹೂಂ ಎಂದರು. ಅಪ್ಪ ಜೋಳದ ಕಣಿಕೆಯ ಬೆಂಕಿ ಹಾಕಿ ಚರ್ಮ ಕಾಸಿದ. ವರ್ಷಗಳಿಂದ ಸುಮ್ಮನಿದ್ದ ಹಲಗಿ ಬಿಗಿದು ಟಣ್ ಎಂದಿತು. ಸಾವಿನ ಹಲಗಿ ಬಾರಿಸಿದ. ಕೇರಿಯ ಹೆಂಗಸರು ಯಾರು ಹೋದರೋ ಎಂದು ಗಾಬರಿಯಾಗಿ ಹೊರಗೆ ಬಂದರು. ಬಾರಿಸಿ ಮುಗಿಸಿ ಹಲಗಿ ಕೆಳಗಿಟ್ಟು ಅಪ್ಪ ನೆಟ್ಟಗೆ ನಿಂತು ಮಾತಾಡಿದ. ತನ್ನ ಹೆಸರು ಸಾಯಬಣ್ಣ ಎಂದ. ತಮ್ಮನ ಹೆಸರು ಹೇಳಿದ. ಕುಣಿಯಲ್ಲಿ ಏನಾಯಿತು ಹೇಳಿದ. ನಮ್ಮ ಮಂದಿ ಇದನ್ನು ಬಿಟ್ಟಿದ್ದಾರೆ, ಸಾಲೆಯ ಮಕ್ಕಳು ತಿಳಿದುಕೊಳ್ಳಬೇಕು ಎಂದ. ಸಂಜೀವಕುಮಾರರ ಕಣ್ಣು ಒದ್ದೆಯಾದದ್ದನ್ನು ನಾನು ನೋಡಿದೆ.

ತಿಂಗಳ ನಂತರ ಅದು ಕಂಪ್ಯೂಟರಿನಲ್ಲಿ ಬಂತು. ಹಲಗಿ ಇತ್ತು. ಮಾತು ಇರಲಿಲ್ಲ. ಬೆಣ್ಣೆಯೊಳಗಿನ ಕೂದಲು ತೆಗೆದಂತೆ ತೆಗೆದಿದ್ದರು. ಹಲಗಿ ಕೆಳಗಿಡಲು ಅಪ್ಪ ಬಾಗಿದ್ದನಲ್ಲ, ಅಲ್ಲಿಗೇ ಚಿತ್ರ ನಿಲ್ಲಿಸಿದ್ದರು. ನೋಡಿದವರಿಗೆ ನಮಸ್ಕಾರ ಮಾಡಿದಂತೆ ಕಾಣುತ್ತಿತ್ತು. ಎದ್ದು ನಿಂತ ಅಪ್ಪ ಎಲ್ಲೂ ಇರಲಿಲ್ಲ.

ನಾನು ಕೇಳಿದೆ. ಮಕ್ಕಳು ಅರ್ಧ ನಿಮಿಷಕ್ಕಿಂತ ಹೆಚ್ಚು ನಿಲ್ಲುವುದಿಲ್ಲ, ಮಾತು ಬಂದರೆ ಓಡಿ ಹೋಗುತ್ತಾರೆ, ಅವರಿಗೆ ಸದ್ದು ಸಾಕು ಎಂದರು. ಅಪ್ಪನಿಗೆ ಮಾತು ಕೊಟ್ಟಿದ್ದಿರಲ್ಲ ಎಂದೆ. ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಏನೇನೋ ಹೇಳಿದರು. ಕೊನೆಗೆ ನಿಜ ಬಾಯಿಗೆ ಬಂತು. ಟ್ರಸ್ಟಿನಲ್ಲಿ ನಮ್ಮೂರ ಸಿದ್ದಾರೂಢಗೌಡರೂ ಇದ್ದಾರೆ. ಆ ಕೂರಿಗಿ, ಆ ಬೀಸುಕಲ್ಲು ಅವರು ಕೊಟ್ಟದ್ದು. ಬಾಗಿಲ ಕಲ್ಲಿನ ಮೇಲೆ ಅವರ ಹೆಸರಿದೆ. ನನ್ನ ಕಾಕಾ ಸತ್ತದ್ದು ಅವರ ಅಜ್ಜಿಯ ಕುಣಿಯಲ್ಲಿ.

ಇಡೀ ವಸ್ತುಸಂಗ್ರಹಾಲಯದಲ್ಲಿ ಮಕ್ಕಳಿಗೆ ಹೆಚ್ಚು ಹಿಡಿಸಿದ್ದು ನನ್ನಪ್ಪ. ಬಾರಿಸು ಎಂದು ಕೂಗಿ ಒತ್ತುತ್ತಿದ್ದರು. ಅವನು ಬಾಗಿದಾಗ ನಗುತ್ತಿದ್ದರು. ಮಕ್ಕಳ ಮೇಲೆ ನನಗೆ ಸಿಟ್ಟಿಲ್ಲ. ಅವರಿಗೆ ತೋರಿಸಿದ್ದಷ್ಟನ್ನೇ ಅವರು ನೋಡಿದರು.

ದೊಡ್ಡವರಿಗೆ ಮಾತ್ರ ಅದು ಬೇರೆ ಕೇಳಿಸಿತು. ವ್ಯಾನ್ ಬಸವನ ಬಾಗೇವಾಡಿಗೆ ಹೋದಾಗ ಸಾಲೆಯ ಗೋಡೆಯಾಚೆಯಿಂದ ಮುದುಕಿಯರು ಬಂದು ಹೆಣ ಯಾವ ಓಣಿಯದು ಎಂದು ಕೇಳಿದರು. ಇಂಡಿಯಲ್ಲಿ ಒಬ್ಬ ಹೆಡ್‌ಮಾಸ್ತರರು ವಯರ್ ಕಿತ್ತು, ಹಬ್ಬದ ವಾರದಲ್ಲಿ ಇದನ್ನು ಸಾಲೆಯೊಳಗೆ ತಂದವರು ಯಾರು ಎಂದು ಬೈದರು. ಮುದ್ದೇಬಿಹಾಳದಲ್ಲಿ ಮಕ್ಕಳು ಸಾಲೆ ಬಿಡುವ ತನಕ ಒತ್ತಿದರು. ಬೀದಿಯಲ್ಲಿ ಹೋಗುವವರು ನಿಂತು, ತಲೆಯ ಮೇಲಿನ ಟೊಪ್ಪಿಗೆ ತೆಗೆದು, ಬಾರದ ಹೆಣಕ್ಕೆ ಕಾದು, ಮುಂದೆ ಹೋದರು. ಇದನ್ನೆಲ್ಲ ಮನೆಯಲ್ಲಿ ಹೇಳಿದೆ. ಅಪ್ಪ ಉಣ್ಣುವುದನ್ನು ನಿಲ್ಲಿಸಿದ. ಮಾತು ತೆಗೆದದ್ದಕ್ಕೆ ಬೈಯುತ್ತಾನೆ ಎಂದುಕೊಂಡೆ. ಅವನು ಅವ್ವನ ಕಡೆ ನೋಡಿದ.

"ಹೆಣ ಇಲ್ಲದ ಹಲಗಿ ಬಾರಸಬಾರದು. ಅದು ಹೆಣ ಹುಡುಕ್ಕೊಂಡು ಹೋಗತೈತಿ."

ನಾನು ಓದಿದವಳು. ಇಂಥದನ್ನು ನಂಬುವುದಿಲ್ಲ. ಆದರೂ ಮರುದಿನ ಆ ಗಾಜನ್ನು ಕಂಪ್ಯೂಟರ್ ಆರಿಸಿಯೇ ಒರೆಸಿದೆ.

ಒಂದು ಭಾನುವಾರ ಬೆಳಿಗ್ಗೆ ಕೇರಿಯಲ್ಲಿ ನೀರು ಹಿಡಿಯುತ್ತಿದ್ದೆವು. ಊರ ಕಡೆಯಿಂದ ಹಲಗಿ ಕೇಳಿತು. ಸಾವಿನ ಹಲಗಿ. ಬಿಂದಿಗೆ ತುಂಬಿ ಹರಿದರೂ ಯಾರೂ ಸರಿಸಲಿಲ್ಲ. ಗಂಡಸರು ಮನೆಯಿಂದ ಹೊರಬಂದು ಒಬ್ಬರ ಮುಖ ಒಬ್ಬರು ನೋಡಿದರು. ಬಾರಿಸಲು ಯಾರು ಹೋಗಿದ್ದಾರೆ, ಯಾರು ಹೋಗಿಲ್ಲ ಎಂದು ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿದ್ದರು. ಎಲ್ಲರೂ ಅಲ್ಲೇ ಇದ್ದರು. ಊರಲ್ಲಿ ಬಾರಿಸುವವರು ನಮ್ಮನ್ನು ಬಿಟ್ಟರೆ ಇನ್ನಾರೂ ಇಲ್ಲ. ಹಾಗಾದರೆ ಬಾರಿಸುತ್ತಿರುವುದು ಯಾರು?

ಅಪ್ಪ ಕಣ್ಣು ಮುಚ್ಚಿ ಕೇಳಿಸಿಕೊಂಡ. ಅವನ ಬಲಗೈ ತೊಡೆಯ ಮೇಲೆ ತಾನಾಗಿಯೇ ಆಡಿತು.

"ಅದು ನನ್ನ ಕೈ," ಎಂದ.

ದೊಡ್ಡಗೌಡ ಸತ್ತಿದ್ದ. ಕೇರಿಯವರ ಹಲಗಿ ಇಲ್ಲದೆ ನನ್ನ ಹೆಣ ಏಳಬಾರದು ಎಂದು ಹೇಳಿಯೇ ಸತ್ತಿದ್ದನಂತೆ. ಮಗ ಸಿದ್ದಾರೂಢಗೌಡ ಸಂಜೀವಕುಮಾರರಿಗೆ ಹೇಳಿ ಒಂದು ಸಿಡಿ ತರಿಸಿಕೊಂಡಿದ್ದ. ಮೈಕ್‌ಸೆಟ್ಟಿನ ಬಂದಗಿಸಾಬ ಬೇವಿನ ಗಿಡಕ್ಕೆ ಎರಡು ಹಾರನ್ ಕಟ್ಟಿದ್ದ. ಅರ್ಧ ನಿಮಿಷ ಬಾರಿಸುವುದು. ನಿಲ್ಲುವುದು. ಮತ್ತೆ ಮೊದಲಿಂದ. ಅಪ್ಪ ಮನೆಯ ಕಟ್ಟೆಯ ಮೇಲೆ ಕೂತಿದ್ದ. ಅವನ ಕೈ ಗೌಡನ ಮನೆಯ ಮುಂದೆ ಚಾಕರಿ ಮಾಡುತ್ತಿತ್ತು.

ಹೊತ್ತು ಏರುವಾಗ ಗೌಡರ ಆಳು ಮಾಳಿಂಗ ಬಂದ. ಕುರಿ ಕಾಯುವ ಮನೆತನದವ. ಬಡವ. ಕೆಟ್ಟ ಕೆಲಸಕ್ಕೆಲ್ಲ ಅವನನ್ನೇ ಕಳಿಸುತ್ತಾರೆ. ಮೊರದ ತುಂಬ ಜೋಳ, ಮೇಲೊಂದು ಹೊಸ ಬಟ್ಟೆ, ಪಕ್ಕದಲ್ಲಿ ಸಲಿಕೆ. ನಮ್ಮ ಹೊಸ್ತಿಲ ಮುಂದೆ ಇಟ್ಟ. ತಲೆ ಎತ್ತಲಿಲ್ಲ.

"ಹಲಗಿ ಬಿದ್ದೈತಿ ಸಾಯಬಣ್ಣಾ. ಇನ್ನ ಕುಣಿ. ಗೌಡ್ರು ಹೇಳ್ಯಾರ."

ಅವ್ವ ಬೇಡ ಎಂದಳು. ಆಗಲೇ ಕೇರಿ ನಮ್ಮ ಮನೆಯ ಮುಂದೆ ಸೇರಿತ್ತು. ಒಬ್ಬನು ಕೇಳಿಯೇ ಬಿಟ್ಟ. ಸಾಯಬಣ್ಣ, ಈ ಕೈ ಎಷ್ಟಕ್ಕೆ ಕೊಟ್ಟೆ? ನಾವು ಉಪವಾಸ ಬಿದ್ದದ್ದು ಇದಕ್ಕಾ? ಅಪ್ಪನ ಮುಖ ಸುಟ್ಟಂತಾಯಿತು. ಊರವರು ಇಷ್ಟು ವರ್ಷದಲ್ಲಿ ಒಡೆಯಲಾಗದ ಕೇರಿಯನ್ನು ಒಂದು ಸಿಡಿ ಒಂದೇ ಬೆಳಗಿನಲ್ಲಿ ಒಡೆಯುತ್ತಿತ್ತು. ಒಂದು ಮನೆ ಜೋಳ ಒಳಗೆ ತೆಗೆದುಕೊಂಡರೆ ಸಾಕು. ನಾಳೆ ಎಲ್ಲ ಹೊಸ್ತಿಲ ಮುಂದೂ ಮೊರ ಬರುತ್ತದೆ. ನನ್ನ ತಮ್ಮಂದಿರ ಕೈಗೆ, ಅವರ ಮಕ್ಕಳ ಕೈಗೆ ಸಲಿಕೆ ಬರುತ್ತದೆ.

ಅಪ್ಪ ಒಳಗೆ ಹೋದ. ತೊಳೆದ ಅಂಗಿ ಹಾಕಿಕೊಂಡ. ಚಪ್ಪಲಿ ಮೆಟ್ಟಿದ. ಗೌಡರ ಓಣಿಯಲ್ಲಿ ನಾವು ಚಪ್ಪಲಿ ಮೆಟ್ಟುವುದಿಲ್ಲ. ಕೈಯಲ್ಲಿ ಹಿಡಿದುಕೊಳ್ಳುತ್ತೇವೆ. ಮೊರ ಎತ್ತಿ ತಲೆಯ ಮೇಲಿಟ್ಟುಕೊಂಡ. ಕೇರಿಯವರು ಉಸಿರು ಬಿಗಿ ಹಿಡಿದರು, ಒಪ್ಪಿಕೊಂಡ ಎಂದು. ಸಲಿಕೆ ನಾನು ಹಿಡಿದೆ. ಅಪ್ಪನ ಹಿಂದೆ ನಡೆದೆ.

ಓಣಿಯಲ್ಲಿ ಮಂದಿ ಗೋಡೆಗೆ ಸರಿದರು. ಅಪ್ಪನ ಚಪ್ಪಲಿಯ ಸದ್ದು, ಅಪ್ಪನ ಹಲಗಿಯ ಸದ್ದು. ಗೌಡರ ಮನೆಯ ಮುಂದೆ ಹೆಣವನ್ನು ಹೂವಿನ ಮಂಟಪದಲ್ಲಿ ಕೂರಿಸಿದ್ದರು. ಎದುರಿಗೆ ಸಂಜೀವಕುಮಾರರು ಕ್ಯಾಮರಾ ಇಟ್ಟಿದ್ದರು. ಹಳ್ಳಿಯ ಶವಸಂಸ್ಕಾರ ಕಂಪ್ಯೂಟರಿಗೆ ಬೇಕಿತ್ತಂತೆ. ನನ್ನನ್ನು ನೋಡಿ ಹತ್ತಿರ ಬಂದರು. ಪಿಸುಮಾತಿನಲ್ಲಿ ಹೇಳಿದರು.

"ಸುನೀತಾ, ಸ್ವಲ್ಪ ಸರಿ. ಅಡ್ಡ ಬರಾಕತ್ತಿ."

ನಾನು ಸರಿಯಲಿಲ್ಲ.

ಅಪ್ಪ ಬೇವಿನ ಗಿಡದ ಕೆಳಗೆ ಹೋದ. ಅಲ್ಲಿ ಮೇಜಿನ ಮೇಲೆ ಬಂದಗಿಸಾಬನ ಸಿಡಿ ಯಂತ್ರ ಇತ್ತು. ಜೋಳದ ಮೊರವನ್ನು ಅದರ ಮುಂದೆ ಇಳಿಸಿದ. ಆ ಹೊಸ ಬಟ್ಟೆಯನ್ನು ಬಿಡಿಸಿ ಯಂತ್ರದ ಮೇಲೆ ಹೊದಿಸಿದ. ನನ್ನ ಕೈಯಿಂದ ಸಲಿಕೆ ತೆಗೆದುಕೊಂಡು ಅದರ ಪಕ್ಕಕ್ಕೆ ಆನಿಸಿ ನಿಲ್ಲಿಸಿದ. ಸಿದ್ದಾರೂಢಗೌಡ ಕಟ್ಟೆಯಿಂದ ಇಳಿದು ಬಂದ. ಇದೇನು ಎಂದು ಕೇಳಿದ.

"ಬಾರಿಸಿದವರೇ ಕುಣಿ ತೋಡಬೇಕು. ಪದ್ಧತಿ ನಿಮ್ಮದ್ರಿ, ನಾ ಇಲ್ಲ ಅನ್ನೂದಿಲ್ಲ. ಇವತ್ತ ಬಾರಿಸಿದ್ದು ಈ ಪೆಟಗಿ. ಜ್ವಾಳಾ ಇದಕ್ಕ ಕೊಡ್ರಿ. ಕುಣಿ ತೋಡಾಕ ಇದಕ್ಕ ಹೇಳ್ರಿ."

ಬಂದಗಿಸಾಬನ ಕೈ ತಾನಾಗಿಯೇ ಬಟನ್ನಿಗೆ ಹೋಯಿತು. ಹಲಗಿ ನಿಂತಿತು. ಹೆಂಗಸರ ಅಳು ಕೂಡ ನಿಂತಿತು. ಗೌಡನ ಅಣ್ಣತಮ್ಮಂದಿರು ಮುಂದೆ ಬಂದರು. ಸಿದ್ದಾರೂಢಗೌಡ ಕೈ ಅಡ್ಡ ಹಿಡಿದು ತಡೆದ. ದನಿ ಏರಿಸಲಿಲ್ಲ. ಅದಕ್ಕೇ ನನಗೆ ಹೆಚ್ಚು ಭಯವಾಯಿತು.

"ಸಾಯಬಣ್ಣಾ, ಅಪ್ಪನ ಹೆಣ ಮನಿಮುಂದ ಐತಿ, ಅದಕ್ಕ ಸುಮ್ನ ಅದೇನಿ. ಹೆಣ ಹೋಗ್ಲಿ. ನಿನ್ನ ಮಗಳು ದಿನಾ ಬಸ್ಸಿಗೆ ಒಬ್ಬಾಕೀನ ಹೋಗ್ತಾಳಲ್ಲ?"

ಅಪ್ಪ ಹೌದ್ರಿ ಎಂದ. ಒಬ್ಬಳೇ ಹೋಗುತ್ತಾಳೆ, ಒಬ್ಬಳೇ ಬರುತ್ತಾಳೆ ಎಂದ. ನಾನು ಸಂಜೀವಕುಮಾರರ ಕಡೆ ತಿರುಗಿದೆ. ಅವರ ಕ್ಯಾಮರಾದ ಕೆಂಪು ದೀಪ ಇನ್ನೂ ಉರಿಯುತ್ತಿತ್ತು.

"ಸರ್, ಇದನ್ನೂ ಮಕ್ಕಳಿಗೆ ತೋರಸ್ರಿ. ಈ ಸಲ ಕತ್ತರಸಬ್ಯಾಡ್ರಿ."

ಅವರು ಗೌಡನ ಮುಖ ನೋಡಿದರು. ದೀಪ ಆರಿಸಿದರು. ಅಲ್ಲಿಗೆ ಸಿಂದಗಿಯ ನನ್ನ ಕೆಲಸ ಮುಗಿಯಿತು.

ನಾವು ಬಂದ ದಾರಿಯಲ್ಲೇ ವಾಪಸು ನಡೆದೆವು. ಚಪ್ಪಲಿ ಕಾಲಲ್ಲೇ ಇತ್ತು. ಕೇರಿಯ ಬಾಯಲ್ಲಿ ಎಲ್ಲರೂ ನಿಂತಿದ್ದರು. ಕೈ ಎಷ್ಟಕ್ಕೆ ಕೊಟ್ಟೆ ಎಂದು ಕೇಳಿದವನು ಅಪ್ಪನಿಗೆ ನೀರು ತಂದುಕೊಟ್ಟ. ಅವ್ವ ಅಪ್ಪನ ಕೈಗಳನ್ನು ತನ್ನ ಕೈಯಲ್ಲಿ ಹಿಡಿದುಕೊಂಡು ಕೂತಳು.

ಮಧ್ಯಾಹ್ನದ ನಂತರ ಗೌಡರ ಹೊಲದಿಂದ ಸಲಿಕೆಯ ಸದ್ದು ಬಂತು. ತಪ್ಪು ತಪ್ಪು ಬೀಳುವ ಏಟು. ರೂಢಿ ಇಲ್ಲದ ಕೈ. ಗೌಡನ ಅಣ್ಣತಮ್ಮಂದಿರು, ಅಳಿಯಂದಿರು, ಬಿಳಿ ಅಂಗಿಯ ಮಂದಿ ಸರದಿಯಲ್ಲಿ ತೋಡುತ್ತಿದ್ದಾರೆ ಎಂದು ಮಾಳಿಂಗ ಬಂದು ಹೇಳಿದ. ಅವನ ದನಿಯಲ್ಲಿ ಸಂತೋಷ ಇತ್ತು, ಹೆದರಿಕೆಯೂ ಇತ್ತು. ಹೆಣ ಮಣ್ಣಾದದ್ದು ತಿಳಿಯಿತು. ಮಂದಿ ಊರಿಗೆ ಮರಳಿದ್ದು ಕಂಡಿತು. ಆದರೆ ಸಲಿಕೆಯ ಸದ್ದು ನಿಲ್ಲಲಿಲ್ಲ. ಕತ್ತಲಾಗುವ ತನಕ ಕೇಳಿತು. ಏನು ತೋಡುತ್ತಿದ್ದಾರೆ ಎಂದು ಕೇರಿಯಲ್ಲಿ ಯಾರೂ ಬಾಯಿಬಿಟ್ಟು ಕೇಳಲಿಲ್ಲ. ಬಾಗಿಲುಗಳು ಬೇಗ ಮುಚ್ಚಿದವು.

ಬೆಳಿಗ್ಗೆ ಅಪ್ಪ ನನ್ನನ್ನು ಎಬ್ಬಿಸಿದ. ಸಿಂದಗಿಗೆ ಹೋಗೋಣ, ಆ ಪೆಟ್ಟಿಗೆಯಿಂದ ನನ್ನ ಕೈ ಬಿಡಿಸಿಕೊಂಡು ಬರೋಣ, ಕೊಡದಿದ್ದರೆ ಅಲ್ಲೇ ಬಾಗಿಲಲ್ಲಿ ಕೂರೋಣ ಎಂದ. ಅವ್ವ ತಡೆಯಲಿಲ್ಲ. ರೊಟ್ಟಿ ಕಟ್ಟಿಕೊಟ್ಟಳು.

ಬಸ್ಸಿಗೆ ಹೋಗುವ ಕಾಲುದಾರಿ ಗೌಡರ ಹೊಲದ ಬದುವಿನ ಮೇಲೆ ಹೋಗುತ್ತದೆ. ದೊಡ್ಡಗೌಡನ ಮಣ್ಣಿನ ದಿಬ್ಬದ ಮೇಲೆ ಹೂವು ಇನ್ನೂ ಬಾಡಿರಲಿಲ್ಲ. ಅದರಿಂದ ಸ್ವಲ್ಪ ಈಚೆಗೆ, ನಮ್ಮ ಕೇರಿಯ ದಾರಿಯ ಬದಿಗೇ, ಇನ್ನೊಂದು ಕುಣಿ ಇತ್ತು. ಹೊಸದು. ತೆರೆದದ್ದು. ಒಳಗೆ ಏನೂ ಇರಲಿಲ್ಲ. ಊರಲ್ಲಿ ಬೇರೆ ಯಾರೂ ಸತ್ತಿರಲಿಲ್ಲ.

ನನ್ನ ಕಾಲು ಮುಂದೆ ಹೋಗಲಿಲ್ಲ. ಅಪ್ಪಾ, ಮನೆಗೆ ಹೋಗೋಣ ಎಂದೆ. ಅಪ್ಪ ಕುಣಿಯ ಅಂಚಿಗೆ ಹೋಗಿ ನಿಂತ. ಒಳಗೆ ಬಗ್ಗಿ ನೋಡಿದ. ಒಂದು ಮಣ್ಣಿನ ಹೆಂಟೆಯನ್ನು ಚಪ್ಪಲಿಯಿಂದ ಒಳಗೆ ತಳ್ಳಿದ. ಅದು ತಳಕ್ಕೆ ಬಿದ್ದ ಸದ್ದು ಕೇಳಿಸಿಕೊಂಡ. ದೂರದಲ್ಲಿ ಗೌಡರ ಮನೆಯ ಮಾಳಿಗೆಯ ಮೇಲೆ ಯಾರೋ ನಿಂತು ನಮ್ಮನ್ನೇ ನೋಡುತ್ತಿದ್ದರು. ಅಪ್ಪ ಅವರಿಗೂ ಕೇಳಿಸುವಷ್ಟು ಗಟ್ಟಿಯಾಗಿ ಹೇಳಿದ.

"ನೋಡವ್ವಾ ಸುನೀತಾ, ತೋಡಾಕ ಬರ್ತೈತಿ ಇವರಿಗೆ."